ಸಹಾಯ ಬೇಕು: ಕೌದಿಯ ಚೌಕ ಒಂದಕ್ಕೊಂದು ಕೂಡವಲ್ವು

ಪುಣೆದಾಗ ಕೌದಿ ಹೊಲಿಯೋರು ಯಾರರ ಇದ್ರ ದಾರಿ ತೋರಸ್ರಿ. ಅವ್ವನ ಹಳೇ ಇಳಕಲ್ ಸೀರಿ, ರವಿವಾರ ಪೇಟೆಯಿಂದ ತಂದ ಕಾಟನ್ ತುಂಡು ಕೂಡಿಸಿ ಲಾಗ್ ಕ್ಯಾಬಿನ್ ಮಾದರಿ ಹೊಲಿಯಾಕತ್ತೇನಿ. ನಡುವ ಕೆಂಪು ಚೌಕ, ಸುತ್ತ ಪಟ್ಟಿ, ಎರಡು ಬಾಜು ತಿಳಿ ಬಣ್ಣ, ಎರಡು ಬಾಜು ಗಾಢ. ಆದ್ರ ಸ್ಕೇಲ್ ಹಿಡೀದ, ಕೈ ಹೋದಂಗ ಓರೆಯಾಗಿ ಕತ್ತರಿಸಿದ ಪಟ್ಟಿ. ಆ ಓರೇನ ನನಗ ಭಾಳ ಸೇರ್ತದ, ಅದನ್ನ ಬಿಡೂದಿಲ್ಲ.

ತೊಂದ್ರಿ ಏನಂದ್ರ, ಓರೆ ಅಂಚು ಹಿಗ್ಗಿ ಚೌಕದ ಬದಿ ಅಲೆ ಅಲೆ ಆಗ್ತದ. ಗಂಜಿ ಹಾಕಿ, ಇಸ್ತ್ರಿ ಎಳೀದ ಒತ್ತಿ ನೋಡಿದೆ. ಕಡಿಮಿ ಆತು, ಪೂರಾ ಹೋಗಲಿಲ್ಲ. ಒಂದಕ್ಕೊಂದು ಕೂಡ್ಲಿ ಅಂತ ಎಲ್ಲಾ ಚೌಕ 12 ಇಂಚಿಗೆ ಕತ್ತರಿಸಿದ್ರ ಹೊರಗಿನ ಪಟ್ಟಿ ಒಂದು ಮೂಲ್ಯಾಗ ಹೊಲಿಗ್ಯಾಗ ಮುಚ್ಚಿಹೋಗ್ತದ.

ಕತ್ತರಿಸೂಕಿಂತ ಮೊದಲ ಸುತ್ತ ಇನ್ನೊಂದು ನೆಟ್ಟನೆ ಪಟ್ಟಿ ಹಚ್ಚಬೇಕೋ, ಇಲ್ಲಾ ಹಿಗ್ಗಿದ ಪಟ್ಟಿ ಬಿಚ್ಚಿ ಮತ್ತ ಹೊಲೀಬೇಕೋ?