ಅಪ್‌ಡೇಟ್: ಕೊಳವೆಬಾವಿ ಮೋಟಾರ್‌ನ ಡ್ರೈ ರನ್ ಸಮಸ್ಯೆ

ನೀರು ತಗ್ಗಿದಾಗ ನಮ್ಮ 7.5 ಎಚ್‌ಪಿ ಸಬ್‌ಮರ್ಸಿಬಲ್ ಮೋಟಾರ್ ಬರಿದೇ ಓಡಿ ಎರಡು ಬಾರಿ ಸುಟ್ಟಿದ್ದು, ಓವರ್‌ಲೋಡ್ ರಿಲೇ ಇದ್ದರೂ ಏಕೆ ಟ್ರಿಪ್ ಆಗಲಿಲ್ಲವೆಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು.

ನೀವು ತಿಳಿಸಿದಂತೆ, ಆ ರಿಲೇ ಕರೆಂಟ್ ಹೆಚ್ಚಾದಾಗ ಮಾತ್ರ ಕೆಲಸ ಮಾಡುತ್ತದೆ. ಡ್ರೈ ರನ್‌ನಲ್ಲಿ ಕರೆಂಟ್ ಇಳಿಯುತ್ತದೆ, ಆದರೆ ಮೋಟಾರನ್ನು ತಂಪಾಗಿಡುವ ನೀರಿನ ಹರಿವು ನಿಂತು ವೈಂಡಿಂಗ್ ಬಿಸಿಯಾಗುತ್ತದೆ. ಮೊದಲು ಕರೆಂಟ್ ಮಾತ್ರ ಅಳೆದು, ಅದು ತಗ್ಗಿದಾಗ ಮೋಟಾರ್ ನಿಲ್ಲಿಸುವ ಅಂಡರ್‌ಲೋಡ್ ರಿಲೇಯನ್ನು 9 ಆಂಪಿಯರ್‌ಗೆ ಹೊಂದಿಸಿದೆ. ಹಗಲಿನಲ್ಲಿ ಅದು ಸರಿಯಾಗಿಯೇ ನಡೆಯಿತು. ರಾತ್ರಿ ವೋಲ್ಟೇಜ್ ಏರಿದಾಗ, ಲೋಡ್ ಇಲ್ಲದಿದ್ದರೂ ಕಾಂತಕ್ಷೇತ್ರಕ್ಕೆ ಬೇಕಾದ ಕರೆಂಟ್ ಹೆಚ್ಚಾಗಿ 9 ಆಂಪಿಯರ್ ದಾಟುತ್ತಿದ್ದುದರಿಂದ ರಿಲೇ ಸುಮ್ಮನಿರುತ್ತಿತ್ತು.

ಅಳೆದು ನೋಡಿದಾಗ ಕಾರಣ ಸ್ಪಷ್ಟವಾಯಿತು: ನೀರು ಬರುವಾಗ 12 ಆಂಪಿಯರ್, ಪವರ್ ಫ್ಯಾಕ್ಟರ್ (ಎಳೆದ ಕರೆಂಟ್‌ನಲ್ಲಿ ನಿಜವಾಗಿ ಕೆಲಸಕ್ಕೆ ಬಳಕೆಯಾಗುವ ಪಾಲು) 0.83, ಬರಿದಾದಾಗ ಹಗಲಿನಲ್ಲಿ 8 ಆಂಪಿಯರ್, ಪವರ್ ಫ್ಯಾಕ್ಟರ್ 0.5. ಕರೆಂಟ್ ಮೂರನೇ ಒಂದು ಭಾಗವಷ್ಟೇ ಇಳಿದರೂ ವಿದ್ಯುತ್ ಶಕ್ತಿ ಸುಮಾರು 7 ಕಿಲೋವ್ಯಾಟ್‌ನಿಂದ 3ಕ್ಕೆ ಕುಸಿಯುತ್ತದೆ. ಆದ್ದರಿಂದ ಶಕ್ತಿಯನ್ನೇ ಅಳೆಯುವ ರಿಲೇ ಅಳವಡಿಸಿ, 4.5 ಕಿಲೋವ್ಯಾಟ್‌ಗಿಂತ ಕಡಿಮೆಯಾದ 10 ಸೆಕೆಂಡಿನಲ್ಲಿ ಮೋಟಾರ್ ನಿಲ್ಲುವಂತೆ ಮಾಡಿದ್ದೇನೆ.

ಆಟೋ ಸ್ಟಾರ್ಟರ್ ಇರುವವರು ಒಂದು ವಿಷಯವನ್ನು ಗಮನಿಸಬೇಕು: ಕರೆಂಟ್ ಹೋಗಿ ಬಂದೊಡನೆ ಅದು, ಡ್ರೈ ರನ್‌ನಿಂದ ನಿಂತ ಮೇಲೆ ನೀರು ಊರಲೆಂದು ಇಟ್ಟ ಕಾಯುವ ಅವಧಿಯನ್ನು ಲೆಕ್ಕಿಸದೆ ಮೋಟಾರನ್ನು ಮತ್ತೆ ಓಡಿಸುತ್ತಿತ್ತು. ರಿಲೇಯ ಸಂಪರ್ಕವನ್ನು ಕಾಂಟ್ಯಾಕ್ಟರ್ (ಮೋಟಾರ್‌ಗೆ ವಿದ್ಯುತ್ ಕೊಡುವ ಸ್ವಿಚ್) ಕಾಯಿಲ್‌ಗೆ ಸೀರೀಸ್‌ನಲ್ಲಿ ಜೋಡಿಸಿ, ಕರೆಂಟ್ ಬಂದಾಗ ಅವಧಿ ಮೊದಲಿನಿಂದ ಎಣಿಕೆಯಾಗುವಂತೆ ಹೊಂದಿಸಿದ ಬಳಿಕವಷ್ಟೇ ಈ ತೊಂದರೆ ನಿಂತಿತು. ನೀರು ಮತ್ತೆ ಊರಲು 45 ನಿಮಿಷ ಸಾಲದೆ, ಈಗ 90 ನಿಮಿಷ ಇಟ್ಟಿದ್ದೇನೆ.