ಕೌನ್ಸೆಲಿಂಗ್ ಸೆಂಟರ್‌ಗೆ ನಾಲ್ಕು ಹೊಸ ಹುದ್ದೆ: ಯಾರನ್ನು ತೆಗೆದುಕೊಳ್ಳಬೇಕು?

ಹುದ್ದೆಪಟ್ಟಿ (ಪ್ರಶ್ನೆ):

12,000 ವಿದ್ಯಾರ್ಥಿಗಳಿರುವ ವಿಶ್ವವಿದ್ಯಾಲಯ. ಕೌನ್ಸೆಲಿಂಗ್ ಸೆಂಟರಿನಲ್ಲಿ ಈಗ ಇರುವವರು ಮೂವರು ಪೂರ್ಣಾವಧಿ ಕೌನ್ಸೆಲರ್‌ಗಳು, ಫ್ರಂಟ್ ಡೆಸ್ಕ್‌ಗೆ ಅರ್ಧ ದಿನ ಬರುವ ಒಬ್ಬರು. ವರ್ಷಕ್ಕೆ ಸುಮಾರು 1,200 ವಿದ್ಯಾರ್ಥಿಗಳು ಬಾಗಿಲು ತಟ್ಟುತ್ತಾರೆ. ಸೆಮಿಸ್ಟರ್ ಅರ್ಧಕ್ಕೆ ಬರುವಷ್ಟರಲ್ಲಿ ವೇಟಿಂಗ್ ಲಿಸ್ಟ್ ಒಂದು ತಿಂಗಳು ದಾಟಿರುತ್ತದೆ. ಈಗ ನಾಲ್ಕು ಹುದ್ದೆಗೆ ಒಪ್ಪಿಗೆ ಸಿಕ್ಕಿದೆ. ನಾಲ್ಕನ್ನೂ ಕೌನ್ಸೆಲರ್‌ಗಳಿಂದಲೇ ತುಂಬಿ ಎನ್ನುವುದು ಆಡಳಿತದ ಒತ್ತಾಯ. ಅದು ಸರಿಯೇ? ಮನೋವೈದ್ಯರು ಬೇಡವೇ? ಸೈಕಾಲಜಿ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಇಂಟರ್ನ್ ಆಗಿ ಕೂರಿಸಿದರೆ ಭಾರ ಇಳಿಯುತ್ತದೆಯೇ?

ಗಂಟೆಲೆಕ್ಕ:

ನಾಲ್ವರು ಬಂದರೂ ವೇಟಿಂಗ್ ಲಿಸ್ಟ್ ಪೂರ್ತಿ ಕರಗುವುದಿಲ್ಲ. ಇದನ್ನು ಆಡಳಿತಕ್ಕೆ ಈಗಲೇ ಹೇಳಿಬಿಡಿ, ಆಮೇಲೆ ದೂರು ನಿಮ್ಮ ತಲೆಗೆ ಬರುತ್ತದೆ.

ಇಂಥ ಸೆಂಟರುಗಳಿಗೆ ಮಾನ್ಯತೆ ಕೊಡುವ ಐಎಸಿಎಸ್ ಸಂಸ್ಥೆಯ ಸೂಚನೆ 1,000ದಿಂದ 1,500 ವಿದ್ಯಾರ್ಥಿಗಳಿಗೆ ಒಬ್ಬ ಪೂರ್ಣಾವಧಿ ವೃತ್ತಿಪರರು. ನಿಮ್ಮಲ್ಲಿ ಅದು 8ರಿಂದ 12 ಜನ. ನಾಲ್ವರೂ ಕೌನ್ಸೆಲರ್‌ಗಳಾದರೂ 7 ಆಗುತ್ತದೆ. ಈ ಅನುಪಾತ ಹುದ್ದೆ ಕೇಳುವುದಕ್ಕೆ ಒಳ್ಳೆಯ ಆಧಾರ, ಇರುವವರ ಕೆಲಸ ಹಂಚುವುದಕ್ಕೆ ಅಲ್ಲ. ಅದಕ್ಕೆ ಗಂಟೆಗಳ ಲೆಕ್ಕ ಬೇಕು.

ಕಾಲೇಜು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಅಂಕಿಅಂಶ ಕಲೆಹಾಕುವ, ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿರುವ ಸಿಸಿಎಂಎಚ್ ಕೇಂದ್ರ ಕ್ಲಿನಿಕಲ್ ಲೋಡ್ ಇಂಡೆಕ್ಸ್ ಎಂಬ ಅಳತೆ ಇಟ್ಟುಕೊಂಡಿದೆ. ವರ್ಷದಲ್ಲಿ ಬಂದ ವಿದ್ಯಾರ್ಥಿಗಳ ಸಂಖ್ಯೆಯನ್ನು ಕೌನ್ಸೆಲರ್‌ಗಳ ಸಂಖ್ಯೆಯಿಂದ ಭಾಗಿಸುವುದು, ಅಷ್ಟೆ. ಆದರೆ ಅಲ್ಲಿ ಒಬ್ಬ ಕೌನ್ಸೆಲರ್ ಎಂದರೆ ವಾರಕ್ಕೆ 24 ಗಂಟೆಯ ಕ್ಲಿನಿಕಲ್ ಕೆಲಸ. ವಾರಕ್ಕೆ 12 ಗಂಟೆ ಮಾತ್ರ ವಿದ್ಯಾರ್ಥಿಗಳನ್ನು ನೋಡುವ ನಿರ್ದೇಶಕರು ಅರ್ಧ ಜನ. ನಿಮ್ಮದು ಈಗ 400. ಏಳು ಜನರಾದರೆ 171. ಈ ಅಂಕಿ ಏರಿದಷ್ಟೂ ಒಬ್ಬ ವಿದ್ಯಾರ್ಥಿಗೆ ಸಿಗುವ ಸೆಷನ್‌ಗಳೂ ಕಡಿಮೆ, ಖಿನ್ನತೆ-ಆತಂಕ ಇಳಿಯುವುದೂ ಕಡಿಮೆ ಎಂದು ಅವರದೇ ವರದಿಗಳು ತೋರಿಸಿವೆ.

40 ಗಂಟೆಯ ವಾರದಲ್ಲಿ 24 ಮಾತ್ರವೇ ಎಂದು ಹಣಕಾಸು ವಿಭಾಗ ಕೇಳಿಯೇ ಕೇಳುತ್ತದೆ. 50 ನಿಮಿಷದ ಸೆಷನ್‌ಗೆ 10 ನಿಮಿಷದ ಟಿಪ್ಪಣಿ ಎಂದರೂ ವಾರಕ್ಕೆ 4 ಗಂಟೆ. ಕೇಸ್ ಚರ್ಚೆಗೆ 2, ಸೂಪರ್‌ವಿಷನ್‌ಗೆ (ಹಿರಿಯರ ಜೊತೆ ಕೂತು ತನ್ನ ಕೆಲಸ ಪರಿಶೀಲಿಸಿಕೊಳ್ಳುವುದು) 1, ಹಾಸ್ಟೆಲ್ ಮತ್ತು ವಿಭಾಗಗಳಲ್ಲಿ ಕಾರ್ಯಕ್ರಮಕ್ಕೆ 3, ಫೋನು-ಪತ್ರ-ವರದಿಗೆ 3. ಇಲ್ಲಿಗೇ 37 ಆಯಿತು. 30 ಎಂದು ಕಾಗದದ ಮೇಲೆ ಬರೆಸಿದರೆ ಟಿಪ್ಪಣಿ ಬಾಕಿ ಬೀಳುತ್ತದೆ. ಮೊದಲು ಸೋರುವುದು ಅದೇ, ಕೊನೆಗೆ ಕಣ್ಣಿಗೆ ಬೀಳುವುದೂ ಅದೇ.

ಪಾಠದ ವಾರಗಳು 30 ಎಂದು ಹಿಡಿದರೆ ಒಬ್ಬರಿಗೆ 720 ಗಂಟೆ, ಏಳು ಜನಕ್ಕೆ 5,040. ಬೇಡಿಕೆ: 1,200 ಜನಕ್ಕೆ ಸರಾಸರಿ 5 ಸೆಷನ್‌ನಂತೆ 6,000, ಜೊತೆಗೆ ಅರ್ಧ ಗಂಟೆಯ ಮೊದಲ ಭೇಟಿಗೆ 600. ಕೊರತೆ 1,560 ಗಂಟೆ. ಇದನ್ನು ಎರಡರಲ್ಲಿ ಒಂದು ರೀತಿಯಲ್ಲಿ ನುಂಗಬೇಕು. ಹೊಸಬರನ್ನೆಲ್ಲ ಕೂಡಲೇ ಒಬ್ಬೊಬ್ಬ ಕೌನ್ಸೆಲರ್‌ಗೆ ಹಚ್ಚಿಬಿಟ್ಟರೆ ವೇಟಿಂಗ್ ಲಿಸ್ಟ್ ಮಾಯ, ಆದರೆ ವಾರಕ್ಕೊಂದು ಸೆಷನ್ ಮೂರು ವಾರಕ್ಕೊಂದಾಗುತ್ತದೆ. ಜಾಗ ಖಾಲಿಯಾದಾಗ ಮಾತ್ರ ಹೊಸಬರನ್ನು ತೆಗೆದುಕೊಂಡರೆ ಒಳಗಿರುವವರ ಚಿಕಿತ್ಸೆ ಸರಿಯಾಗಿ ನಡೆಯುತ್ತದೆ, ಹೊರಗೆ ಸಾಲು ಬೆಳೆಯುತ್ತದೆ. ನನ್ನ ಮತ ಎರಡನೆಯದಕ್ಕೆ, ಮೊದಲ ಭೇಟಿ ಮಾತ್ರ ಎರಡು-ಮೂರು ದಿನದೊಳಗೆ ಆಗಲೇಬೇಕೆಂಬ ಷರತ್ತಿನ ಮೇಲೆ. ಹುದ್ದೆ: ಮೂವರು ಕೌನ್ಸೆಲರ್, ಫ್ರಂಟ್ ಡೆಸ್ಕ್‌ಗೆ ಪೂರ್ಣಾವಧಿ ಒಬ್ಬರು.

ಮುಂದಿನಮೇಜು:

ಗಂಟೆಲೆಕ್ಕ ಸರ್ ಹೇಳಿದ 24 ಗಂಟೆ ನಿಮ್ಮಲ್ಲಿ ನಿಜಕ್ಕೂ ಆಗುತ್ತಿದೆಯೇ ಎಂದು ಮೊದಲು ನೋಡಿ. ಸೆಮಿಸ್ಟರ್ ನಡುವಿನ ಎರಡು ವಾರದ ಕ್ಯಾಲೆಂಡರ್ ತೆಗೆದು, ವಿದ್ಯಾರ್ಥಿ ಎದುರಿಗೆ ಕೂತಿದ್ದ ಗಂಟೆಗಳನ್ನಷ್ಟೇ ಕೂಡಿಸಿ. 20ಕ್ಕಿಂತ ಕಡಿಮೆ ಬಂದರೆ ಸಮಸ್ಯೆ ಕೌನ್ಸೆಲರ್‌ಗಳ ಸಂಖ್ಯೆಯದ್ದಲ್ಲ. ಅರ್ಧ ದಿನದ ಫ್ರಂಟ್ ಡೆಸ್ಕ್ ಎಂದರೆ ಉಳಿದರ್ಧ ದಿನ ಫೋನ್ ಎತ್ತುವುದು, ಅಪಾಯಿಂಟ್‌ಮೆಂಟ್ ಬದಲಿಸುವುದು, ಬಾರದವರನ್ನು ವಿಚಾರಿಸುವುದು ಎಲ್ಲ ಕೌನ್ಸೆಲರ್‌ಗಳ ಪಾಲು. ನನ್ನ ಲೆಕ್ಕದಲ್ಲಿ ಇಬ್ಬರು ಕೌನ್ಸೆಲರ್, ಒಬ್ಬ ಕೇಸ್ ಮ್ಯಾನೇಜರ್, ಒಬ್ಬ ಫ್ರಂಟ್ ಡೆಸ್ಕ್. 24 ದಾಟಿಯೂ ಸಾಲು ಉಳಿದಿದ್ದರೆ ಅವರ ಮಾತೇ ಸರಿ.

ಕೇಸ್ ಮ್ಯಾನೇಜರ್ ಸಾಮಾನ್ಯವಾಗಿ ಸೋಷಿಯಲ್ ವರ್ಕ್ ಓದಿದವರು. ಹೊರಗಿನ ಆಸ್ಪತ್ರೆಗೆ ಕಳಿಸಿದವರು ಅಲ್ಲಿಗೆ ಹೋದರೇ ಎಂದು ವಾರದೊಳಗೆ ವಿಚಾರಿಸುವುದು, ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಂದವರಿಗೆ ಮೊದಲ ಅಪಾಯಿಂಟ್‌ಮೆಂಟ್ ಹಿಡಿಸುವುದು, ಹಾಜರಾತಿ-ಶುಲ್ಕದ ತೊಡಕಿಗೆ ಸಂಬಂಧಪಟ್ಟ ಕಚೇರಿ ತೋರಿಸುವುದು ಇವರ ಕೆಲಸ. ಚೀಟಿ ಬರೆದು ಕಳಿಸಿದ ಮೇಲೆ ಏನಾಯಿತೆಂದು ಯಾರಿಗೂ ಗೊತ್ತಿಲ್ಲದಿರುವುದು ಸೆಂಟರುಗಳ ದೊಡ್ಡ ತೂತು.

ಫ್ರಂಟ್ ಡೆಸ್ಕ್‌ನವರಿಗೆ ಕಲಿಸಬೇಕಾದ್ದು ಬಹಳ ಇದೆ, ಯಾರೂ ಕಲಿಸುವುದಿಲ್ಲ. ಕಾಯುವ ಕೋಣೆಯಲ್ಲಿ ಪೂರ್ತಿ ಹೆಸರು ಕೂಗಬಾರದು. ಎಸ್‌ಎಂಎಸ್‌ನಲ್ಲಿ ಸೆಂಟರಿನ ಹೆಸರು ಬೇಡ, ದಿನ-ಸಮಯ ಸಾಕು. ತಂದೆ-ತಾಯಿಯೋ ವಿಭಾಗದ ಮುಖ್ಯಸ್ಥರೋ ಫೋನ್ ಮಾಡಿ "ನಮ್ಮ ಹುಡುಗ ಅಲ್ಲಿಗೆ ಬರುತ್ತಿದ್ದಾನಾ?" ಎಂದರೆ ಉತ್ತರ ಒಂದೇ: "ಇಲ್ಲಿಗೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂದು ಹೇಳುವಂತಿಲ್ಲ. ನಿಮಗೆ ಆತಂಕವಿದ್ದರೆ ಏನೆಂದು ಹೇಳಿ, ಬರೆದುಕೊಳ್ಳುತ್ತೇನೆ." ನಿಜವಾಗಿ ಬರದವರ ಬಗ್ಗೆಯೂ ಇದನ್ನೇ ಹೇಳಬೇಕು. "ಇಲ್ಲ, ಬಂದಿಲ್ಲ" ಎಂದು ಒಬ್ಬರಿಗೆ ಹೇಳಿದರೆ, ಮುಂದಿನವರಿಗೆ "ಹೇಳುವಂತಿಲ್ಲ" ಎನ್ನುವುದೇ "ಹೌದು" ಎಂದಂತೆ. ಹೇಳಿದ್ದನ್ನು ಬರೆದುಕೊಂಡು ಡ್ಯೂಟಿಯಲ್ಲಿರುವ ಕೌನ್ಸೆಲರ್‌ಗೆ ಕೊಡುವುದು ಮರೆಯಬಾರದು. ಮಾಹಿತಿ ಕೊಡಲಾಗದು, ತೆಗೆದುಕೊಳ್ಳಲು ಅಡ್ಡಿಯಿಲ್ಲ.

ಇನ್ನೊಂದು, ಖಿನ್ನತೆ ಎಷ್ಟಿದೆ ಎಂದು ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ. ಅದರ 9ನೇ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತು. ಫಾರಂ ಲಿಂಕನ್ನು ಶುಕ್ರವಾರ ಸಂಜೆ ಕಳಿಸಿದರೆ ವಿದ್ಯಾರ್ಥಿ ರಾತ್ರಿ ತುಂಬುತ್ತಾನೆ, ಸೆಂಟರಿನವರು ಸೋಮವಾರ ನೋಡುತ್ತಾರೆ. ಭೇಟಿಗೆ 15 ನಿಮಿಷ ಮೊದಲು ಸೆಂಟರಿನಲ್ಲೇ ತುಂಬಿಸಿ. ಫ್ರಂಟ್ ಡೆಸ್ಕ್‌ನವರು ಒಟ್ಟು ಅಂಕ ಎಷ್ಟೇ ಇರಲಿ, 9ರಲ್ಲಿ ಸೊನ್ನೆ ಬಿಟ್ಟು ಏನಿದ್ದರೂ ಒಳಗಿನವರಿಗೆ ಆ ಕ್ಷಣವೇ ತಿಳಿಸಬೇಕು. ಒಟ್ಟು 27ಕ್ಕೆ 6 ಬಂದಿದ್ದು, 9ನೇ ಪ್ರಶ್ನೆಯಲ್ಲಿ 2 ಇರುವ ಫಾರಂ ಸುಲಭವಾಗಿ ಕಣ್ತಪ್ಪುತ್ತದೆ.

ಸೂಪರ್‌ವಿಷನ್:

ಇಂಟರ್ನ್‌ಗಳ ಬಗ್ಗೆ ಯಾರೂ ಉತ್ತರಿಸಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಭಾರ ಇಳಿಯುವುದಿಲ್ಲ, ಏರುತ್ತದೆ. ಒಬ್ಬ ಇಂಟರ್ನ್‌ಗೆ ವಾರಕ್ಕೆ ಒಂದು ಗಂಟೆ ಮುಖಾಮುಖಿ ಸೂಪರ್‌ವಿಷನ್, ಸೆಷನ್ ರೆಕಾರ್ಡಿಂಗ್ ನೋಡಲು ಇನ್ನೊಂದು, ಟಿಪ್ಪಣಿ ಓದಿ ಸಹಿ ಹಾಕಲು ಅರ್ಧ ಗಂಟೆ. ಇಂಟರ್ನ್ ಆರಂಭದಲ್ಲಿ ನೋಡುವುದು ಮೂರೋ ನಾಲ್ಕೋ ಜನರನ್ನು. ಹೊಸದಾಗಿ ತೆಗೆದುಕೊಳ್ಳುವವರಲ್ಲಿ ಒಬ್ಬರಾದರೂ ಸೂಪರ್‌ವಿಷನ್ ಮಾಡಬಲ್ಲ ಹಿರಿಯರಾಗಿರಲಿ, ಇಲ್ಲದಿದ್ದರೆ ಇಂಟರ್ನ್‌ಗಳನ್ನು ಕರೆಯಲೇಬೇಡಿ. ತುರ್ತು ಡ್ಯೂಟಿಗೆ ಅವರನ್ನು ಒಂಟಿಯಾಗಿ ಹಾಕುವ ಮಾತೇ ಇಲ್ಲ. ಅವಧಿ ಮುಗಿದು ಹೊರಡುವ ಸಂಗತಿ ವಿದ್ಯಾರ್ಥಿಗೆ ಕೊನೆಯ ಸೆಷನ್‌ನಲ್ಲಿ ಗೊತ್ತಾಗಬಾರದು, ನಾಲ್ಕು ವಾರ ಮೊದಲೇ ಹೇಳಿ ಮುಂದೆ ಯಾರು ನೋಡುತ್ತಾರೆಂದು ತಿಳಿಸಬೇಕು. ಅದೇ ಸೈಕಾಲಜಿ ವಿಭಾಗದ ವಿದ್ಯಾರ್ಥಿಗಳನ್ನು ಸಹಪಾಠಿಗಳ ಎದುರು ಕೂರಿಸುವಂತೆಯೂ ಇಲ್ಲ. ಪಾಠ ಮಾಡುವ ಅಧ್ಯಾಪಕರೇ ಕೌನ್ಸೆಲರ್ ಆಗುವುದಕ್ಕೂ, ನಿರ್ದೇಶಕರು ಶಿಸ್ತು ಸಮಿತಿಯಲ್ಲಿ ಕೂರುವುದಕ್ಕೂ ಇದೇ ಮಾತು.

ಮನೋವೈದ್ಯರು ಹುದ್ದೆಯಾಗಿ ಬೇಡ, ವಾರಕ್ಕೊಂದು ದಿನದ ಗುತ್ತಿಗೆ ಸಾಕು. ಮೊದಲ ಭೇಟಿಗೆ ಒಂದು ಗಂಟೆ, ಮರುಭೇಟಿಗೆ 20-30 ನಿಮಿಷ. ಎರಡು ಹೊಸಬರು, ಹತ್ತು ಮರುಭೇಟಿ, ಅಲ್ಲಿಗೆ ದಿನ ಮುಗಿಯಿತು. ಕೆಲವೇ ತಿಂಗಳಲ್ಲಿ ಮರುಭೇಟಿಗಳೇ ತುಂಬಿ ಹೊಸಬರಿಗೆ ಜಾಗ ಇರುವುದಿಲ್ಲ, ಹಾಗಾಗಿ ಸ್ಥಿರವಾದವರನ್ನು ಹೊರಗಿನ ವೈದ್ಯರಿಗೆ ಒಪ್ಪಿಸುವ ನಿಯಮ ಮೊದಲ ದಿನದಿಂದಲೇ ಇರಲಿ. ಹಾಗೆಂದು ಮರುಭೇಟಿಯನ್ನು ತಿಂಗಳಾಚೆ ತಳ್ಳುವಂತಿಲ್ಲ. ಖಿನ್ನತೆ ಮಾತ್ರೆಗಳ ಮೇಲಿನ ಆತ್ಮಹತ್ಯೆ ಯೋಚನೆಯ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲಿ 18ರಿಂದ 24 ವಯಸ್ಸಿನವರಿಗೂ ವಿಸ್ತರಿಸಿತು, ಅದೂ ಮಾತ್ರೆ ಶುರುಮಾಡಿದ ಮೊದಲ ಒಂದೆರಡು ತಿಂಗಳ ಬಗ್ಗೆ. ನಿಮ್ಮಲ್ಲಿಗೆ ಬರುವವರ ವಯಸ್ಸು ಅದೇ. ಮೊದಲ ವಾರಗಳಲ್ಲಿ ಮನೋವೈದ್ಯರು ಬಾರದ ದಿನ ಯಾರು ಫೋನ್ ಮಾಡಿ ವಿಚಾರಿಸುತ್ತಾರೆ ಎಂಬುದು ಹೆಸರು ಸಮೇತ ಬರೆದಿರಬೇಕು.

ತುರ್ತು ಡ್ಯೂಟಿಗೆ ಪ್ರತಿದಿನ ಒಬ್ಬರ ಅರ್ಧ ದಿನ ಖಾಲಿ ಬಿಡಿ. ಖಾಲಿ ಕಂಡಿತೆಂದು ಅಪಾಯಿಂಟ್‌ಮೆಂಟ್ ತುಂಬಿದರೆ ಡ್ಯೂಟಿ ಇಟ್ಟದ್ದೇ ವ್ಯರ್ಥ. "ಹಾನಿ ಮಾಡಿಕೊಳ್ಳುವುದಿಲ್ಲ" ಎಂದು ಬರೆಸಿ ಸಹಿ ಹಾಕಿಸುವ ಹಳೆಯ ಪದ್ಧತಿ ಎಲ್ಲಾದರೂ ಉಳಿದಿದ್ದರೆ ಬಿಡಿಸಿ. ಅದರ ಬದಲು, ಆತ್ಮಹತ್ಯೆಯ ಯೋಚನೆ ಇರುವವರ ಜೊತೆ ಕೂತು ಬರೆಯುವ ಸ್ಟಾನ್ಲಿ-ಬ್ರೌನ್ ಸುರಕ್ಷತಾ ಯೋಜನೆಯ ಆರು ಹಂತ ಎಲ್ಲ ಸಿಬ್ಬಂದಿಗೂ ಬರಬೇಕು: ಸಂಕಟ ಶುರುವಾಗುವ ಸೂಚನೆಗಳು, ತಾನೇ ಮಾಡಬಹುದಾದ್ದು, ಮನಸ್ಸು ಬೇರೆಡೆ ಹರಿಸುವ ಜನ-ಜಾಗ, ಸಹಾಯ ಕೇಳಬಹುದಾದ ಆಪ್ತರು, ವೃತ್ತಿಪರರ ಮತ್ತು ಸಹಾಯವಾಣಿಯ ನಂಬರು, ಸುತ್ತಲಿನ ಜಾಗವನ್ನು ಸುರಕ್ಷಿತ ಮಾಡುವುದು. ವಿದ್ಯಾರ್ಥಿಯ ಮಾತಿನಲ್ಲೇ ಬರೆಸಿ, ಪ್ರತಿ ಅವರ ಕೈಯಲ್ಲಿರಲಿ. ಆರನೆಯದನ್ನು "ಮುಂದಿನ ಸಲ ಮಾತಾಡೋಣ" ಎಂದು ಬಿಟ್ಟುಬಿಡುವುದೇ ಹೆಚ್ಚು. ಅದನ್ನು ಮುಗಿಸದೆ ಕಳಿಸಬಾರದು.

ಹುದ್ದೆಪಟ್ಟಿ:

ಎಲ್ಲರಿಗೂ ಧನ್ಯವಾದ. ಏಳು ಕೌನ್ಸೆಲರ್‌ಗಳ ಲೆಕ್ಕದಲ್ಲಿ ಬಂದ 1,560 ಗಂಟೆಯ ಕೊರತೆಯನ್ನು ಗುಂಪು ಸೆಷನ್‌ನಿಂದ ತುಂಬಬಹುದೇ? ಎರಡು ಗುಂಪು ಘೋಷಿಸಿದರೂ ಯಾರೂ ಸೇರುತ್ತಿಲ್ಲ.

ಗಂಟೆಲೆಕ್ಕ:

ಪೂರ್ತಿ ಅಲ್ಲ, ಒಂದಷ್ಟು. ಎಂಟು ವಿದ್ಯಾರ್ಥಿಗಳು, ಒಂದೂವರೆ ಗಂಟೆ, ನಡೆಸುವವರು ಇಬ್ಬರು ಎಂದರೆ ಸಿಬ್ಬಂದಿಯ 3 ಗಂಟೆ. ಅದೇ ಎಂಟು ಜನಕ್ಕೆ ಒಬ್ಬೊಬ್ಬರಾಗಿ 8 ಗಂಟೆ. ವಾರಕ್ಕೆ 5 ಗಂಟೆ ಉಳಿಯಿತು. ಹತ್ತು ವಾರ ನಡೆಯುವ ಗುಂಪಿಗೆ 50, ಸೇರುವ ಮೊದಲು ಒಬ್ಬೊಬ್ಬರ ಜೊತೆ ಅರ್ಧ ಗಂಟೆ ಮಾತಾಡುವುದಕ್ಕೆ 4 ಕಳೆದರೆ 46. ವರ್ಷಕ್ಕೆ ಎಂಟು ಗುಂಪು ನಡೆದರೆ 368.

ಸೇರದಿರುವುದಕ್ಕೆ ಕಾರಣ ಸಾಮಾನ್ಯವಾಗಿ ಪೋಸ್ಟರ್ ಅಲ್ಲ. ಮೊದಲ ಭೇಟಿಯಲ್ಲಿ ಕೌನ್ಸೆಲರ್ "ಸದ್ಯಕ್ಕೆ ಜಾಗವಿಲ್ಲ, ಬೇಕಿದ್ದರೆ ಗುಂಪಿದೆ" ಎಂದರೆ ಯಾರು ಹೋಗುತ್ತಾರೆ? "ನಿಮ್ಮ ಈ ತೊಂದರೆಗೆ ಗುಂಪೇ ಸೂಕ್ತ, ಕಾರಣ ಇದು" ಎನ್ನಬೇಕು. ಹೆಸರೂ ನೋಡಿ. "ಖಿನ್ನತೆ ಗುಂಪು" ಎಂಬ ಹೆಸರಿಗೆ ಸಹಪಾಠಿಗಳ ಕಣ್ಣಿಗೆ ಬೀಳುವ ಭಯವಿದೆ, "ಸಂಬಂಧಗಳು ಮತ್ತು ಮಾತುಕತೆ" ಎಂದರೆ ಸೇರುತ್ತಾರೆ. ಸೆಮಿಸ್ಟರಿನ ಮೂರನೇ ವಾರದೊಳಗೆ ಶುರುವಾಗಬೇಕು, ಲ್ಯಾಬ್ ಇಲ್ಲದ ಹೊತ್ತು ಆರಿಸಬೇಕು. ಹತ್ತು ಹೆಸರು ಬರೆದುಕೊಂಡರೆ ಏಳು ಜನ ಕೂರುತ್ತಾರೆ. ಐದಕ್ಕಿಂತ ಕಡಿಮೆಯಾದರೆ ಇಬ್ಬರು ಗೈರಾದ ದಿನ ಗುಂಪೇ ಇರುವುದಿಲ್ಲ, ಹಾಗಾಗಿ ಗುಂಪಿನ ಎರಡನೇ ವಾರದ ತನಕ ಹೊಸಬರನ್ನು ಸೇರಿಸಿಕೊಳ್ಳಿ, ಆಮೇಲೆ ಬಾಗಿಲು ಮುಚ್ಚಿ.