ನಾಲ್ಕು, ಐದನೇ ಕ್ಲಾಸಿನ ಮಕ್ಕಳಿಗೆ ಪುಸ್ತಕದ ಹಿಂದಿನ ಪದಸೂಚಿ ನೋಡುವುದನ್ನು ಹೇಗೆ ಕಲಿಸುತ್ತೀರಿ?

ನಾಪೋಕ್ಲು ಟೀಚರ್:
ಎಲ್ಲರಿಗೂ ನಮಸ್ಕಾರ. ಕೊಡಗಿನ ನಾಪೋಕ್ಲು ಕಡೆಯ ಒಂದು ಸಣ್ಣ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿ ನೋಡಿಕೊಳ್ಳುತ್ತೇನೆ. ಈ ವರ್ಷ ಲೈಬ್ರರಿಗೆ ಒಳ್ಳೆ ಪುಸ್ತಕಗಳು ಬಂದಿವೆ. ಪ್ರಾಣಿ, ನದಿ, ನಕ್ಷತ್ರ, ನಮ್ಮ ಜಿಲ್ಲೆ, ಎಲ್ಲದರ ಮೇಲೂ ಇವೆ. ಕೆಲವಕ್ಕೆ ಕೊನೆಯಲ್ಲಿ ಪದಸೂಚಿಯೂ (ಇಂಡೆಕ್ಸ್, ಯಾವ ವಿಷಯ ಯಾವ ಪುಟದಲ್ಲಿದೆ ಅಂತ ಅಕ್ಷರ ಕ್ರಮದಲ್ಲಿ ಹೇಳುವ ಪಟ್ಟಿ) ಇದೆ, ಆದರೆ ಮಕ್ಕಳು ಆ ಕಡೆ ಹೋಗುವುದೇ ಇಲ್ಲ. ಆನೆ ಬಗ್ಗೆ ಹುಡುಕಿ ಅಂದರೆ ಮೊದಲ ಪುಟದಿಂದ ಚಿತ್ರ ನೋಡುತ್ತಾ ಹಾಳೆ ತಿರುವುತ್ತಾರೆ, ಸಿಗದಿದ್ದರೆ ಬೇಜಾರಾಗಿ ಪುಸ್ತಕ ಇಟ್ಟುಬಿಡುತ್ತಾರೆ. ಪಾಠಪುಸ್ತಕದ ಮುಂದಿರುವ ಪರಿವಿಡಿ ಗೊತ್ತು. ‘ಇಂಡೆಕ್ಸ್’ ಅಂದರೆ ನೋಟ್‌ಬುಕ್ಕಿನ ಮೊದಲ ಪುಟ ತೆಗೆದು ತೋರಿಸುತ್ತಾರೆ, ಪಾಠದ ಹೆಸರು ಬರೆದು ನಾವು ಸಹಿ ಹಾಕುತ್ತೇವಲ್ಲ, ಅದು.

ಇನ್ನೊಂದು ವಿಷಯ. ಮನೆಯಲ್ಲಿ ಕೊಡವ ತಕ್ಕ್ ಆಡುವವರು, ಅರೆಭಾಷೆಯವರು, ಮಲಯಾಳದವರು, ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವ ತಮಿಳು ಮಕ್ಕಳು, ಎಲ್ಲರೂ ಇದ್ದಾರೆ. ಕನ್ನಡ ಓದುತ್ತಾರೆ, ಆದರೆ ಅಕ್ಷರಗಳ ಕ್ರಮದಲ್ಲಿ ತಡವರಿಸುತ್ತಾರೆ. ಎಲ್ಲಿಂದ ಶುರು ಮಾಡಲಿ?

ಸೋಮವಾರಪೇಟೆ ಮೇಷ್ಟ್ರು:
ಮೇಡಂ, ಕ್ರಮದಿಂದಲೇ ಶುರು ಮಾಡಿ. ಅ ಆ ಇ ಈ ಬಾಯಿಪಾಠ ಇದ್ದರೆ ಸಾಕಾಗುವುದಿಲ್ಲ. ಪದಸೂಚಿಯಲ್ಲಿ ಕಷ್ಟ ಬರುವುದು ಒಂದೇ ಅಕ್ಷರದ ಒಳಗೆ. ಕಕ್ಕಬ್ಬೆ, ಕಾಫಿ, ಕಾವೇರಿ, ಕುಶಾಲನಗರ, ಕೊಡಗು ಅಂತ ಐದು ಚೀಟಿ ಬರೆದು ಕಲಸಿ ಕೊಡಿ, ಸಾಲಾಗಿ ಜೋಡಿಸಲಿ. ಕ ಕಾ ಕಿ ಕೀ ಅಂತ ಕಾಗುಣಿತ ಹೇಳಿಕೊಂಡೇ ಜೋಡಿಸುತ್ತಾರೆ. ಕಾಫಿ ಮತ್ತು ಕಾವೇರಿ ಬಂದಾಗ ಮೊದಲ ಅಕ್ಷರ ಒಂದೇ ಆಯಿತು, ಈಗ ಎರಡನೆಯದು ನೋಡಬೇಕು ಅಂತ ಅವರಿಗೇ ಹೊಳೆಯುತ್ತದೆ. ನೀವು ಹೇಳಬೇಡಿ, ಸ್ವಲ್ಪ ಕಾಯಿರಿ.

ಒತ್ತಕ್ಷರ ಆಮೇಲೆ. ಕನಸು ಮೊದಲು, ಕನ್ನಡ ಆಮೇಲೆ. ನ, ನಾ, ನಿ ಎಲ್ಲ ಮುಗಿದ ಮೇಲೆ ನ್ನ ಬರುತ್ತದೆ. ಅನುಸ್ವಾರದ ವಿಷಯದಲ್ಲಿ ಮಾತ್ರ ಹುಷಾರು. ಕೆಲವು ಪುಸ್ತಕಗಳಲ್ಲಿ ಹಂದಿ ‘ಹ’ ಸಾಲಿನ ಶುರುವಿಗೇ ಇರುತ್ತದೆ, ಕೆಲವದರಲ್ಲಿ ‘ಹೌ’ ಆದ ಮೇಲೆ. ಒಂದು ಕಡೆ ಕಾಣದಿದ್ದರೆ ಇನ್ನೊಂದು ಕಡೆ ನೋಡುವ ರೂಢಿ ಮಾಡಿಸಿ.

ಅರಿವು ಕೇಂದ್ರದ ಅಕ್ಕ:
ಸರ್ ಹೇಳಿದ್ದು ಸರಿ, ಆದರೆ ನಾನಾದರೆ ಅಲ್ಲಿಂದ ಶುರು ಮಾಡುವುದಿಲ್ಲ. ಪಂಚಾಯಿತಿ ಲೈಬ್ರರಿಗೆ ಬರುವ ಮಕ್ಕಳನ್ನು ನೋಡುತ್ತಿರುತ್ತೇನೆ. ಅಕ್ಷರ ಕ್ರಮ ಚೆನ್ನಾಗಿ ಬರುವವರೂ ಪದಸೂಚಿಯಲ್ಲಿ ಸೋಲುತ್ತಾರೆ, ಯಾಕೆಂದರೆ ಯಾವ ಪದ ಹುಡುಕಬೇಕು ಅಂತಲೇ ಗೊತ್ತಿರುವುದಿಲ್ಲ. ‘ಕೊಡಗಿನಲ್ಲಿ ಎಲ್ಲಕ್ಕಿಂತ ಎತ್ತರದ ಬೆಟ್ಟ ಯಾವುದು?’ ಅಂತ ಕೇಳಿದರೆ ಮಗು ‘ಎತ್ತರ’ ಹುಡುಕುತ್ತದೆ. ಅದು ಅಲ್ಲಿರುವುದಿಲ್ಲ. ‘ಈ ಪುಸ್ತಕದಲ್ಲಿ ಇಲ್ಲ ಅಕ್ಕಾ’ ಅಂತ ಮುಚ್ಚಿಡುತ್ತದೆ.

ಅದಕ್ಕೆ ಪುಸ್ತಕ ತೆಗೆಯುವ ಮೊದಲೇ ಒಂದು ಪ್ರಶ್ನೆಗೆ ಮೂರು ಪದ ಊಹಿಸಲು ಹೇಳಿ. ಎತ್ತರ ಸಿಗಲಿಲ್ಲವಾ, ಬೆಟ್ಟ ನೋಡು. ಅಲ್ಲೂ ಇಲ್ಲವಾ, ಕೊಡಗು ನೋಡು, ಅದರ ಕೆಳಗೆ ಸಣ್ಣಕ್ಷರದಲ್ಲಿ ಬೆಟ್ಟಗಳು ಅಂತ ಇರಬಹುದು. ಅಲ್ಲಿಂದ ಪುಟಕ್ಕೆ ಹೋದರೆ ತಡಿಯಂಡಮೋಳ್, 1,748 ಮೀಟರ್ ಅಂತ ಸಿಕ್ಕಾಗ ಆ ಮಗುವಿನ ಮುಖ ನೋಡಬೇಕು ನೀವು!

ಪುಟ ಸಿಕ್ಕ ಮೇಲೂ ಕೆಲಸ ಮುಗಿಯುವುದಿಲ್ಲ. ಮಕ್ಕಳು ಆ ಪುಟವನ್ನು ಮೇಲಿಂದ ಪೂರ್ತಿ ಓದಲು ಕೂರುತ್ತಾರೆ. ಸಾಲುಗಳ ಮೇಲೆ ಬೆರಳು ಓಡಿಸಿ ಆ ಒಂದು ಪದ ಹಿಡಿಯುವುದನ್ನೂ ಕಲಿಸಬೇಕು.

ಪ್ರೂಫ್ ನೋಡುವವ, ಮೈಸೂರು (ಊರು ವಿರಾಜಪೇಟೆ):
ಪುಸ್ತಕಗಳಿಗೆ ಪದಸೂಚಿ ಮಾಡುವುದು ನನ್ನ ಕೆಲಸದಲ್ಲಿ ಸೇರಿದೆ, ಅದಕ್ಕೆ ಒಂದೆರಡು ಮಾತು. ಹೆಸರುಗಳ ಬಗ್ಗೆ ಮಕ್ಕಳಿಗೆ ಖಂಡಿತ ಹೇಳಿಕೊಡಿ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರನ್ನು ಅವರು ‘ಫೀ’ ಅಥವಾ ‘ಕೆ’ ಹತ್ತಿರ ಹುಡುಕುತ್ತಾರೆ. ಪದಸೂಚಿಯಲ್ಲಿ ಸಾಮಾನ್ಯವಾಗಿ ‘ಕಾರ್ಯಪ್ಪ, ಕೆ.ಎಂ.’ ಅಂತ ತಿರುಗಿಸಿ ಹಾಕಿರುತ್ತೇವೆ. ಆದರೆ ನಮ್ಮ ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಅಲ್ವಾ? ಅವರು ಕೊಡಂದೇರ, ಜನರಲ್ ತಿಮ್ಮಯ್ಯನವರೂ ಕೊಡಂದೇರ. ಮನೆತನ ಹಿಡಿದು ಮಾಡಿದ ಪುಸ್ತಕದಲ್ಲಿ ಇಬ್ಬರೂ ‘ಕೊ’ದಲ್ಲಿ ಅಕ್ಕಪಕ್ಕ ಸಿಗುತ್ತಾರೆ, ಇಲ್ಲದಿದ್ದರೆ ಒಬ್ಬರು ‘ಕಾ’, ಇನ್ನೊಬ್ಬರು ‘ತಿ’.

‘ನೋಡಿ’ ಅನ್ನುವ ಸೂಚನೆಗೆ ನಿಮ್ಮ ತರಗತಿಯಷ್ಟು ಒಳ್ಳೆಯ ಜಾಗ ಬೇರೆ ಇಲ್ಲ. ಕೊಡವ ಮಗು ಸುಗ್ಗಿ ಹಬ್ಬವನ್ನು ಪುತ್ತರಿ ಅಂತ ಹುಡುಕುತ್ತದೆ, ಪುಸ್ತಕದಲ್ಲಿ ಹುತ್ತರಿ ಅಂತ ಇರುತ್ತದೆ. ಒಳ್ಳೆ ಪದಸೂಚಿಯಲ್ಲಿ ‘ಪುತ್ತರಿ: ಹುತ್ತರಿ ನೋಡಿ’ ಅಂತ ಹಾಕಿರುತ್ತಾರೆ. ನಮ್ಮೂರನ್ನೇ ತಗೊಳ್ಳಿ, ಕೆಲವರು ವಿರಾಜಪೇಟೆ ಬರೆಯುತ್ತಾರೆ, ಕೆಲವರು ವೀರರಾಜಪೇಟೆ. ಎರಡೂ ಕಡೆ ನೋಡಬೇಕು.

ನಾಪೋಕ್ಲು ಟೀಚರ್:
ತುಂಬಾ ಥ್ಯಾಂಕ್ಸ್. ಮೂರು ಪದ ಊಹಿಸುವುದನ್ನು ನಾಳೆಯೇ ಮಾಡಿಸುತ್ತೇನೆ. ಮಕ್ಕಳ ಕೈಯಲ್ಲೇ ಒಂದು ಪದಸೂಚಿ ಮಾಡಿಸಿದರೆ ಹೇಗೆ? ನಾಲ್ಕನೇ ಕ್ಲಾಸಿಗೆ ಜಾಸ್ತಿ ಆಗುತ್ತದಾ?

ಪ್ರೂಫ್ ನೋಡುವವ, ಮೈಸೂರು (ಊರು ವಿರಾಜಪೇಟೆ):
ಆಗುವುದಿಲ್ಲ, ಖಂಡಿತ ಮಾಡಿಸಿ. ನನ್ನನ್ನು ಕೇಳಿದರೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ, ಯಾಕೆಂದರೆ ಮಾಡಿದವರಿಗೆ ಒಳಗಿನ ಲೆಕ್ಕ ಹೇಳಿಕೊಡುವುದೇ ಬೇಡ. ಪ್ರತಿ ಮಗುವೂ ಒಂದು ಪುಟ ಬರೆಯಲಿ, ಕಾಫಿ, ಏಲಕ್ಕಿ, ದುಬಾರೆ ಆನೆ, ಹಾರಂಗಿ ಅಣೆಕಟ್ಟು, ಅವರಿಗೆ ಇಷ್ಟ ಬಂದದ್ದು. ಒಟ್ಟು ಸೇರಿಸಿ ಹೊಲಿದು ಪುಟದ ನಂಬರ್ ಹಾಕಿ. ನಂಬರ್ ಹಾಕುವ ಮೊದಲು ಚೀಟಿ ಬರೆಸಬೇಡಿ, ಒಂದು ಪುಟ ಆಚೀಚೆ ಆದರೆ ಎಲ್ಲ ತಪ್ಪುತ್ತದೆ. ಆಮೇಲೆ ಒಬ್ಬೊಬ್ಬರೂ ತಮ್ಮ ಪುಟದಿಂದ ನಾಲ್ಕೈದು ಪದ ಆರಿಸಿ, ಒಂದು ಚೀಟಿಗೆ ಒಂದು ಪದ, ಪಕ್ಕದಲ್ಲಿ ಪುಟ ಸಂಖ್ಯೆ ಬರೆಯಲಿ. ಎಲ್ಲ ಚೀಟಿ ನೆಲದ ಮೇಲೆ ಹರಡಿ ಜೋಡಿಸುವಾಗ ‘ಮಳೆ 3’ ಒಂದು ಕಡೆ, ‘ಮಳೆ 9’ ಇನ್ನೊಂದು ಕಡೆ ಸಿಗುತ್ತದೆ. ಎರಡನ್ನೂ ಸೇರಿಸಿ ‘ಮಳೆ 3, 9’ ಅಂತ ಬರೆದಾಗ ಆ ಅಲ್ಪವಿರಾಮ ಯಾಕೆ ಅಂತ ತಿಳಿಯುತ್ತದೆ. ಆನೆ 5, 6, 7ನೇ ಪುಟಗಳಲ್ಲಿ ಬಿಡದೆ ಬಂದಿದ್ದರೆ 5–7.

ಜಗಳ ಬರುವುದು ಯಾವ ಪದ ಸೇರಬೇಕು ಅನ್ನುವಲ್ಲಿ. ಕಾಫಿ ಬಗ್ಗೆ ಬರೆದ ಮಗು ‘ಅಪ್ಪ ತೋಟಕ್ಕೆ ಹೋದಾಗ ಮಳೆ ಬಂತು’ ಅಂತ ಬರೆದಿರುತ್ತದೆ. ಆ ಮಳೆ ಪದಸೂಚಿಗೆ ಬೇಕಾ? ಮಕ್ಕಳನ್ನೇ ಕೇಳಿ. ಮಳೆ ಬಗ್ಗೆ ತಿಳಿಯಬೇಕು ಅಂತ ಒಬ್ಬರು ಈ ಪುಟಕ್ಕೆ ಬಂದರೆ ಅವರಿಗೆ ಏನಾದರೂ ಸಿಗುತ್ತದಾ? ಸಿಗುವುದಿಲ್ಲ ಅಂದರೆ ಬಿಡಿ. ಅದೇ ಮಗು ಹೂಮಳೆ ಬಿದ್ದರೆ ಕಾಫಿ ಗಿಡ ಹೂ ಬಿಡುತ್ತದೆ ಅಂತ ಬರೆದಿದ್ದರೆ ಖಂಡಿತ ಬೇಕು. ‘ಹೂಮಳೆ’ ಅಂತ ಹಾಕಿ, ‘ಮಳೆ’ಯ ಪಕ್ಕದಲ್ಲಿ ‘ಹೂಮಳೆಯನ್ನೂ ನೋಡಿ’ ಅಂತ ಸೇರಿಸಿ.

ಅರಿವು ಕೇಂದ್ರದ ಅಕ್ಕ:
ಮುಗಿದ ಮೇಲೆ ಅದನ್ನು ಮೂರನೇ ಕ್ಲಾಸಿನವರ ಕೈಗೆ ಕೊಟ್ಟು ಪ್ರಶ್ನೆ ಕೇಳಿಸಿ ಮೇಡಂ. ಅವರಿಗೆ ಸಿಗದ ಪದಗಳನ್ನು ನಿಮ್ಮ ಮಕ್ಕಳು ಸೇರಿಸಲಿ. ಒಂದು ಪ್ರತಿ ನಮ್ಮ ಕೇಂದ್ರಕ್ಕೂ ಕಳಿಸಿ, ಶೆಲ್ಫಿನಲ್ಲಿ ಇಡುತ್ತೇನೆ.